ಎರಡು ಗಂಟೆಯ ಒಳಗಿನ ಲೆಕ್ಕ

ನಮ್ಮ ಈ ಅಂಕಣದಲ್ಲಿ ವಿಡಿಯೋ ಗೇಮಿನ ಪ್ರಸ್ತಾಪವನ್ನು ಕಂಡು ವಾಚಕ ಮಹಾಶಯರು ಆಶ್ಚರ್ಯಪಡಬಹುದು. ಸಂಧಿ ಸಮಾಸಗಳನ್ನು ಹೇಳಿಕೊಡುತ್ತಿದ್ದ ಮೇಷ್ಟರು ಮುಪ್ಪಿನಲ್ಲಿ ಗುಂಡಿನಾಟಕ್ಕೆ ಇಳಿದರೇ ಎಂದು ಕೆಲವರು ನಕ್ಕರೂ ನಮಗೆ ಬೇಸರವಿಲ್ಲ. ವಿಷಯವು ನಮ್ಮ ಪಡಸಾಲೆಗೇ ಬಂದು ಕುಳಿತಿರುವಾಗ ಬೇರೊಂದನ್ನು ಬರೆಯುವುದಾದರೂ ಹೇಗೆ?

ನಮ್ಮ ತಮ್ಮನ ಮಗನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವವನು, ರಜೆಗೆಂದು ಕೋಲಾರಕ್ಕೆ ಬಂದಿದ್ದನು. ರಾತ್ರಿ ಊಟವಾದ ಮೇಲೆ ದೀಪವನ್ನು ಆರಿಸಿ, ಲ್ಯಾಪ್‌ಟಾಪನ್ನು ತೆರೆದು, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕುಳಿತನು. ನಿಮಿಷಕ್ಕೊಮ್ಮೆ “ಥೂ, ಹೋಯಿತು” ಎನ್ನುವನು. ಮರುಕ್ಷಣವೇ ಮತ್ತೆ ಮೊದಲಿನಿಂದ ಆರಂಭಿಸುವನು. ನಾವು ಬೆನ್ನ ಹಿಂದೆ ನಿಂತು ನೋಡಿದೆವು.

ಆಟದ ಹೆಸರು ‘ಡೆವಿಲ್ ಡ್ಯಾಗರ್ಸ್’. 2016ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯದ ಸೊರಾತ್ ಎಂಬ ಸಣ್ಣ ತಂಡವು ಇದನ್ನು ಹೊರತಂದಿತು. ದೊಡ್ಡ ಕಂಪೆನಿಗಳ ಆಶ್ರಯವಿಲ್ಲದೆ ಒಬ್ಬಿಬ್ಬರು ಸೇರಿ ಮಾಡುವ ಇಂಥ ಆಟಗಳಿಗೆ ‘ಇಂಡಿ’ ಎಂದು ಹೆಸರು. ಆಟದ ಜಾತಿಯು ‘ಫಸ್ಟ್ ಪರ್ಸನ್ ಶೂಟರ್’. ಅಂದರೆ ಆಡುವವನ ಕಣ್ಣಿಗೆ ಕಾಣುವಂತೆಯೇ ಲೋಕವು ಪರದೆಯ ಮೇಲೆ ಕಾಣುವುದು. ಇದನ್ನು ‘ಪ್ರಥಮಪುರುಷ’ ಎಂದು ಅನುವಾದಿಸಿದರೆ ಸಂಸ್ಕೃತ ವ್ಯಾಕರಣದಲ್ಲಿ ‘ಅವನು’ ಎಂದಾಗಿಬಿಡುವುದು. ‘ನಾನು’ ಎಂಬುದು ನಮ್ಮಲ್ಲಿ ಉತ್ತಮಪುರುಷ. ಗುಂಡು ಹೊಡೆಯುವವನಿಗೆ ಉತ್ತಮಪುರುಷನೆಂಬ ಬಿರುದು ಸಲ್ಲುವುದೇ ಎಂದು ಹುಡುಗನನ್ನು ಕೇಳಿದೆವು. ಅವನು ಹೆಡ್‌ಫೋನು ತೆಗೆಯಲಿಲ್ಲ.

ಇಲ್ಲಿ ಮನುಷ್ಯರನ್ನು ಕೊಲ್ಲುವುದಿಲ್ಲವೆಂಬುದನ್ನು ಮಕ್ಕಳೊಂದಿಗರಿಗೆ ಮೊದಲೇ ತಿಳಿಸುತ್ತೇವೆ. ಸುತ್ತಲೂ ಕತ್ತಲೆ, ನಡುವೆ ಒಂದು ಅಂಗಳ. ಕತ್ತಲೆಯೊಳಗಿಂದ ಹಾರಾಡುವ ತಲೆಬುರುಡೆಗಳು ಮುತ್ತಿಕೊಳ್ಳುತ್ತವೆ. ಆಡುವವನ ಬೆರಳುಗಳಿಂದ ಕಿರುಗತ್ತಿಗಳು ಹೊರಡುತ್ತವೆ. ಒಂದು ಬುರುಡೆ ತಾಗಿದರೂ ಆಟ ಮುಗಿಯಿತು. ಕಥೆಯಿಲ್ಲ, ಎರಡನೆಯ ಅಂಗಳವಿಲ್ಲ. ಎಷ್ಟು ಸೆಕೆಂಡು ಬದುಕಿದೆ ಎಂಬುದೊಂದೇ ಲೆಕ್ಕ. 500 ಸೆಕೆಂಡು ಉಳಿದವನಿಗೆ ಮಾತ್ರ ಆಟದಲ್ಲಿರುವ ಒಂದೇ ಒಂದು ಬಿರುದು ದೊರೆಯುವುದು. ಹೊಸಬನಿಗೆ ಒಂದು ನಿಮಿಷವೇ ದೊಡ್ಡದು.

ಇಂತಹ ಆಟವನ್ನು ವಿಮರ್ಶಕರಲ್ಲಿ ಬಹುಮಂದಿ ಮನಸ್ಸು ತುಂಬಿ ಹೊಗಳಿದರು. ಕೊಂಡು ಆಡಿದವರ ಅಭಿಪ್ರಾಯಗಳಲ್ಲಿಯೂ ಹೊಗಳಿಕೆಯೇ ಹೆಚ್ಚು. ಅವರು ಮೆಚ್ಚಿದುದು ಅದರ ಭಯವನ್ನು, ಮುಖ್ಯವಾಗಿ ಧ್ವನಿಯನ್ನು. ಬೆನ್ನ ಹಿಂದಿನ ಪ್ರಾಣಿಯು ಯಾವುದು, ಎಷ್ಟು ಹತ್ತಿರ ಬಂದಿದೆ ಎಂಬುದನ್ನು ಕಿವಿಯಿಂದಲೇ ತಿಳಿಯಬೇಕು. ಭರತಮುನಿಯು ಭಯಾನಕ ರಸಕ್ಕೆ ಕಾರಣಗಳನ್ನು ಎಣಿಸುವಾಗ ವಿಕಾರವಾದ ಶಬ್ದವನ್ನೂ, ಭೂತಗಳನ್ನು ಕಾಣುವುದನ್ನೂ, ಶೂನ್ಯವಾದ ಮನೆ ಮತ್ತು ಅರಣ್ಯಗಳನ್ನೂ ಹೇಳಿರುವನು. ಸೊರಾತ್ ತಂಡದವರು ನಾಟ್ಯಶಾಸ್ತ್ರವನ್ನು ಓದಿರಲಾರರು. ಓದಿದ್ದರೂ ಇದಕ್ಕಿಂತ ಹೆಚ್ಚಾಗಿ ಪಾಲಿಸಲು ಆಗುತ್ತಿರಲಿಲ್ಲ.

ದೂರಿದವರು ದೂರಿದ್ದು ಒಂದೇ ಮಾತಿಗೆ: ಇರುವುದು ಬಹಳ ಸ್ವಲ್ಪ. ಬಿಡುಗಡೆಯಾದಾಗ ಬೆಲೆ ಸುಮಾರು 5 ಡಾಲರು. ಅಷ್ಟು ಹಣಕ್ಕೆ ಹತ್ತಾರು ಗಂಟೆಯ ಆಟ ಬೇರೆ ಕಡೆ ದೊರೆಯುವಾಗ ಒಂದೇ ಅಂಗಳಕ್ಕೆ ಏಕೆ ಕೊಡಬೇಕು? ನಮ್ಮ ಹುಡುಗನೂ ಮರುದಿನ ಬೆಳಗ್ಗೆ ಇದನ್ನೇ ಹೇಳಿದನು.

“ಬಹಳ ಚೆನ್ನಾಗಿದೆ ದೊಡ್ಡಪ್ಪ. ರಾತ್ರಿ ನಿದ್ದೆಯಲ್ಲೂ ಬುರುಡೆಗಳೇ ಬಂದವು. ಆದರೆ ಇರೋದು ಇಷ್ಟೇ. ಹಣ ವಾಪಸು ತಗೊಂಡುಬಿಡ್ತೀನಿ.”

ಸ್ಟೀಮ್ ಎಂಬ ಆಟದಂಗಡಿಯಲ್ಲಿ 2015ರಿಂದ ಒಂದು ನಿಯಮವಿದೆಯಂತೆ. ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಕಾರಣವೇನೇ ಇರಲಿ ಹಣವನ್ನು ಹಿಂದಕ್ಕೆ ಕೇಳಬಹುದು. ಅವನು ಆಡಿದ್ದು ಒಂದು ಗಂಟೆ ಇಪ್ಪತ್ತು ನಿಮಿಷ.

ನಿಯಮವನ್ನು ನಾವು ಹಳಿಯುವುದಿಲ್ಲ. ಕಂಪ್ಯೂಟರಿನಲ್ಲಿ ನಡೆಯದ ಆಟಗಳುಂಟು, ಚಿತ್ರದಲ್ಲೊಂದು ತೋರಿಸಿ ಒಳಗೆ ಇನ್ನೊಂದನ್ನು ಇಡುವವರೂ ಉಂಟು. ಕೊಳ್ಳುವವನಿಗೆ ರಕ್ಷಣೆ ಬೇಕು. ಆದರೆ ಶ್ರೀನಿವಾಸಪುರದ ಮಾವಿನಹಣ್ಣನ್ನು ಬುಟ್ಟಿಯಲ್ಲಿಯೇ ನೋಡಿ ಬೇಡವೆನ್ನುವುದು ಒಂದು. ರಸವನ್ನೆಲ್ಲ ಹೀರಿ, ಬಾಯಿ ಒರೆಸಿಕೊಂಡು, ಬಹಳ ಸಿಹಿಯೆಂದು ಹೊಗಳಿ, ವಾಟೆಯನ್ನು ಮುಂದಿಟ್ಟು ಹಣ ಕೇಳುವುದು ಇನ್ನೊಂದು. ಹುಡುಗನು ಸುಮ್ಮನಿರಲಿಲ್ಲ. “ಹಾಗಾದರೆ ದೊಡ್ಡಪ್ಪ, ಅಂಗಡಿಯವರೇ ಕೊಡ್ತೀವಿ ಅಂದಾಗ ನಾನು ಏಕೆ ಬಿಡಬೇಕು?” ಎಂದನು. ಪ್ರಶ್ನೆಯೇನೋ ನ್ಯಾಯವೇ. ಅಂಗಡಿಯವನಿಗೆ ನಷ್ಟವೆಷ್ಟೋ ನಾವರಿಯೆವು. ಹಣ್ಣು ಬೆಳೆದವನ ಪಾಲಿಗೆ ಏನಾಗುವುದೆಂಬುದು ಮಾತ್ರ ತಿಳಿದಿದೆ.

2021ರ ಆಗಸ್ಟಿನಲ್ಲಿ ಎಮಿಕಾ ಗೇಮ್ಸ್ ಎಂಬ ಹೆಸರಿನಿಂದ ಆಟಗಳನ್ನು ಮಾಡುತ್ತಿದ್ದವರೊಬ್ಬರು, ತಾವು ಈ ಕೆಲಸವನ್ನು ಅನಿರ್ದಿಷ್ಟ ಕಾಲದವರೆಗೆ ಬಿಡುತ್ತಿರುವುದಾಗಿ ಪ್ರಕಟಿಸಿದರು. ಅವರ ‘ಸಮ್ಮರ್ ಆಫ್ 58’ ಎಂಬುದು ಭಯದ ಆಟವೇ, ಉತ್ತಮಪುರುಷದ್ದೇ, ಗುಂಡಿನದು ಮಾತ್ರವಲ್ಲ. ಎರಡು ಗಂಟೆಯೊಳಗೆ ಮುಗಿಯುವುದು. ಆಡಿದವರು ಒಳ್ಳೆಯ ಅಭಿಪ್ರಾಯವನ್ನೇ ಬರೆದರು. ಆದರೆ ಬಹಳ ಮಂದಿ ಆಟವನ್ನು ಮುಗಿಸಿ ಹಣವನ್ನು ಹಿಂದಕ್ಕೆ ಪಡೆದರು. ಮುಂದಿನ ಆಟಕ್ಕೆ ಬಂಡವಾಳವೇ ಉಳಿಯಲಿಲ್ಲ. ಅದನ್ನೇ ಐದು ಗಂಟೆಯವರೆಗೆ ಎಳೆದಿದ್ದರೆ ಹಣವು ಉಳಿಯುತ್ತಿತ್ತು, ಆಟವು ಕೆಡುತ್ತಿತ್ತು. ಇದನ್ನು ಕೇಳಿದ ಮೇಲೆ ಹುಡುಗನು ಸ್ವಲ್ಪ ಹೊತ್ತು ಮೌನವಾಗಿದ್ದನು.

ಗಂಟೆಗೆ ಇಷ್ಟು ರೂಪಾಯಿ ಎಂದು ಅಳೆಯುವುದು ಕೂಲಿಗೆ ಸರಿ, ರಸಕ್ಕೆ ಸಲ್ಲದು. ಒಂಬತ್ತನೆಯ ಶತಮಾನದ ಆನಂದವರ್ಧನನು ಅಮರುಕ ಕವಿಯ ಬಿಡಿ ಶ್ಲೋಕವೊಂದೊಂದೂ ರಸದಲ್ಲಿ ಇಡೀ ಪ್ರಬಂಧಕ್ಕೆ ಸಮವೆಂದು ಧ್ವನ್ಯಾಲೋಕದಲ್ಲಿ ಒಪ್ಪಿಕೊಂಡಿರುವನು. ಅಷ್ಟು ದೂರ ಹೋಗುವುದೇಕೆ? ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿಯವರು 1920ರಲ್ಲಿ ‘ಕೆಲವು ಸಣ್ಣ ಕತೆಗಳು’ ಎಂದೇ ಪುಸ್ತಕಕ್ಕೆ ಹೆಸರಿಟ್ಟರು. ಮುಳಬಾಗಿಲಿನ ಡಿ.ವಿ.ಜಿ.ಯವರು 1943ರಲ್ಲಿ ನಾಲ್ಕು ನಾಲ್ಕು ಸಾಲಿನ ಪದ್ಯಗಳಲ್ಲಿ ಕಗ್ಗವನ್ನು ಕೊಟ್ಟರು. ಪದ್ಯಕ್ಕೆ ನಾಲ್ಕೇ ಸಾಲೆಂದು ಪುಸ್ತಕವನ್ನು ಅಂಗಡಿಗೆ ಹಿಂದಿರುಗಿಸಿದವರನ್ನು ಈ ಜಿಲ್ಲೆಯಲ್ಲಿ ನಾವು ಕಂಡಿಲ್ಲ.

ಇಷ್ಟೆಲ್ಲ ಹೇಳಿದುದಕ್ಕೆ ಹುಡುಗನು, “ನೀವೇ ಒಂದು ಸಲ ಆಡಿ ನೋಡಿ” ಎಂದು ಹೆಡ್‌ಫೋನನ್ನು ನಮ್ಮ ತಲೆಗೆ ಏರಿಸಿದನು. ನಾವು ಉಳಿದದ್ದು ಒಂಬತ್ತು ಸೆಕೆಂಡು. ಛಲ ಹಿಡಿದು ಮತ್ತೆ ಮತ್ತೆ ಆಡಿದೆವು, ಹದಿನಾಲ್ಕನ್ನು ದಾಟಲಾಗಲಿಲ್ಲ. ನಗು ಕೇಳಿ ಅಡಿಗೆಮನೆಯಿಂದ ಬಂದ ನಮ್ಮ ಮನೆಯವರು ಸೆರಗಿಗೆ ಕೈಯೊರೆಸಿಕೊಂಡು ಕುಳಿತರು. ಬೆನ್ನ ಹಿಂದೆ ಒಲೆಯ ಮೇಲೆ ಹಾಲು ಉಕ್ಕುವ ಸದ್ದನ್ನು ಮೂವತ್ತು ವರುಷ ಕೇಳಿದ ಕಿವಿ ಅದು. ಬುರುಡೆ ಎತ್ತಲಿಂದ ಬರುವುದೆಂದು ನೋಡದೆಯೇ ತಿರುಗುತ್ತಿದ್ದರು. ಮೂವತ್ತೊಂದು ಸೆಕೆಂಡು! ಇನ್ನೊಂದು ಸಲ ಎಂದರು. ಆಮೇಲೆ ಇನ್ನೊಂದು ಸಲ.

ಹುಡುಗನು ಲೆಕ್ಕವನ್ನು ತೆಗೆದು ನೋಡುವ ವೇಳೆಗೆ ಆಟದ ಹೊತ್ತು ಎರಡು ಗಂಟೆ ಆರು ನಿಮಿಷವಾಗಿತ್ತು. “ಏನು ಮಾಡಿಬಿಟ್ಟಿರಿ ದೊಡ್ಡಮ್ಮ!” ಎಂದು ಹಣೆ ಬಡಿದುಕೊಂಡನು. ಆಕೆಗೆ ಅದು ಕೇಳಿಸಲಿಲ್ಲ. ಹೆಡ್‌ಫೋನು ಆಕೆಯ ಕಿವಿಯ ಮೇಲೆಯೇ ಇತ್ತು.