ಕೆಂಪು ಗೆರೆಯ ಮಾತ್ರೆ

ಹೋದ ಭಾನುವಾರ ಸಂಜೆ ಔಷಧದ ಅಂಗಡಿಗೆ ಹೋಗಿದ್ದ ನನ್ನ ಮೊಮ್ಮಗಳು ಬರಿಗೈಯಲ್ಲಿ ವಾಪಸ್ ಬಂದಳು. ಏಳನೇ ತರಗತಿ ಓದುವ ಹುಡುಗಿ. ಕಳಿಸಿದವನು ನಾನೇ. ಖಾಲಿಯಾದ ಮಾತ್ರೆ ಪಟ್ಟಿಯನ್ನೂ ನೂರು ರೂಪಾಯಿಯನ್ನೂ ಕೈಗಿಟ್ಟು, "ಇದೇ ಮಾತ್ರೆ ಹತ್ತು ತಗೊಂಡು ಬಾ, ಮಿಕ್ಕ ಚಿಲ್ಲರೆ ನಿನಗೆ" ಎಂದಿದ್ದೆ.

"ಕೊಡಲ್ವಂತೆ ತಾತ. ಚೀಟಿ ಬೇಕಂತೆ. ತಾತನನ್ನೇ ಕರ್ಕೊಂಡು ಬಾಮ್ಮ ಅಂದ್ರು."

ನನಗೆ ರೇಗಿತು. ಎರಡು ವರ್ಷದಿಂದ ಬಸ್ ನಿಲ್ದಾಣದ ಬಳಿಯ ಅಂಗಡಿಯಲ್ಲಿ ಇದೇ ಮಾತ್ರೆ ಕೊಳ್ಳುತ್ತಿದ್ದೇನೆ. ಅಲ್ಲಿ ಪಟ್ಟಿ ತೋರಿಸಿದರೆ ಸಾಕು, ಮಾತಿಲ್ಲದೆ ಕೊಡುತ್ತಾರೆ. ಅವತ್ತು ಅದು ಮುಚ್ಚಿತ್ತು ಎಂದು ನಮ್ಮ ಬೀದಿಯ ಅಂಗಡಿಗೆ ಕಳಿಸಿದರೆ ಹೀಗೆ. ಪಂಚಾಂಗದ ನಡುವೆ ಸಿಕ್ಕಿಸಿಟ್ಟಿದ್ದ ಹಳೆಯ ಚೀಟಿ ಹುಡುಕಿ ತೆಗೆದು, ಮೊಮ್ಮಗಳನ್ನು ಕರೆದುಕೊಂಡು ಹೊರಟೆ. ಜಗಳವಾಡಲೆಂದೇ ಹೊರಟೆ ಎಂದರೂ ತಪ್ಪಿಲ್ಲ.

ಅಂಗಡಿಯಲ್ಲಿದ್ದ ಫಾರ್ಮಸಿಸ್ಟ್ ನನ್ನ ಮಗಳ ವಯಸ್ಸಿನ ಹೆಣ್ಣುಮಗಳು. "ಕೂತ್ಕೊಳ್ಳಿ ಸರ್" ಎಂದು ಸ್ಟೂಲು ಸರಿಸಿ, ಚೀಟಿಯನ್ನು ಎರಡು ಸಲ ಓದಿದಳು.

"ಇದು ಹತ್ತು ದಿನಕ್ಕೆ ಬರೆದ ಮಾತ್ರೆ. ಎಷ್ಟು ದಿನದಿಂದ ತಗೋತಿದ್ದೀರಿ?"

ಎರಡು ವರ್ಷ ಎನ್ನಲು ನಾಲಿಗೆ ಏಳಲಿಲ್ಲ. ಅದು ಆಲ್ಪ್ರಜೋಲಂ ಎಂಬ ಮಾತ್ರೆ. ಮೊಮ್ಮಗಳ ಅಜ್ಜಿ ತೀರಿಕೊಂಡ ಹೊಸತರಲ್ಲಿ ನನಗೆ ರಾತ್ರಿಯೆಲ್ಲ ಕಣ್ಣು ಮುಚ್ಚುತ್ತಿರಲಿಲ್ಲ. ಡಾಕ್ಟರು ಹತ್ತು ದಿನಕ್ಕೆಂದು ಬರೆದುಕೊಟ್ಟರು. ಹನ್ನೊಂದನೇ ದಿನ ನಾನು ಅವರ ಬಳಿ ಹೋಗಲಿಲ್ಲ, ಅಂಗಡಿಗೆ ಹೋದೆ. ಆಮೇಲೆ ಅದೇ ಅಭ್ಯಾಸವಾಯಿತು.

"ರಾತ್ರಿ ಎದ್ದಾಗ ತಲೆ ಸುತ್ತುತ್ತಾ? ಎಲ್ಲಾದರೂ ಬಿದ್ದಿದ್ದೀರಾ?"

"ಇಲ್ಲಮ್ಮ" ಎಂದೆ.

"ಬಚ್ಚಲ ಹತ್ರ ಬಿದ್ದಿದ್ರಲ್ಲ ತಾತ, ಮೊಣಕೈ ಊದಿತ್ತು" ಎಂದಳು ಪಕ್ಕದಲ್ಲಿ ನಿಂತವಳು.

ನನ್ನ ಜಗಳ ಅಲ್ಲಿಗೇ ಮುಗಿಯಿತು. ಇಂಥ ಮಾತ್ರೆಗಳಿಂದ ವಯಸ್ಸಾದವರಿಗೆ ಜೋಲಿ ಹೊಡೆಯುವುದು, ಮರೆವು, ಗಲಿಬಿಲಿ ಆಗಬಹುದು. ಬಿದ್ದು ಮೂಳೆ ಮುರಿದುಕೊಳ್ಳುವ ಅಪಾಯವೂ ಹೆಚ್ಚು ಎಂದು ಆಕೆ ಬಿಡಿಸಿ ಹೇಳಿದಳು. ಬಚ್ಚಲಲ್ಲಿ ನೀರಿತ್ತು, ಜಾರಿದೆ ಎಂದೇ ನಾನು ಇಷ್ಟು ದಿನ ಅಂದುಕೊಂಡಿದ್ದೆ. ನೀರಿತ್ತೋ ಇಲ್ಲವೋ, ಈಗ ಖಚಿತವಾಗಿ ಹೇಳಲಾರೆ.

ಮಕ್ಕಳೇ, ಅವತ್ತು ಆ ಅಂಗಡಿಯಲ್ಲಿ ಕಲಿತದ್ದನ್ನು ನಿಮಗೂ ನಿಮ್ಮ ಮನೆಯ ಹಿರಿಯರಿಗೂ ಹೇಳುತ್ತೇನೆ.

ಮೊದಲು ಮಾತ್ರೆ ಪಟ್ಟಿಯ ಹಿಂಭಾಗ ನೋಡಿ. ಕೆಲವು ಪಟ್ಟಿಗಳಲ್ಲಿ ಎಡಬದಿಗೆ ಉದ್ದಕ್ಕೂ ಒಂದು ಕೆಂಪು ಗೆರೆ ಇರುತ್ತದೆ. ಡಾಕ್ಟರ ಚೀಟಿ ಇಲ್ಲದೆ ಮಾರಕೂಡದು, ಕೊಳ್ಳಕೂಡದು ಎಂಬುದಕ್ಕೆ ಅದು ಗುರುತು. ಓದು ಬಾರದವರಿಗೂ ಕಾಣಲಿ ಎಂದೇ ಗೆರೆ. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಈ ಗೆರೆಯ ಬಗ್ಗೆ ದೇಶದಾದ್ಯಂತ ಪ್ರಚಾರ ಮಾಡಿತ್ತು. ಪಕ್ಕದಲ್ಲೇ 'ಆರ್‌ಎಕ್ಸ್' ಎಂಬ ಗುರುತೂ ಇರುತ್ತದೆ. ಅದು 'ತೆಗೆದುಕೋ' ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ನನ್ನ ಪಟ್ಟಿಯ ಮೇಲೆ ಅದರ ಮುಂದೆ ಇನ್ನೊಂದು 'ಎನ್' ಇತ್ತು. ಮನಸ್ಸಿನ ಮೇಲೆ ಕೆಲಸ ಮಾಡುವ, ಚಟ ಹಿಡಿಸಬಲ್ಲ ಮದ್ದು ಎಂಬುದಕ್ಕೆ ಆ 'ಎನ್'. ಎರಡು ವರ್ಷ ದಿನಾ ಕೈಯಲ್ಲಿ ಹಿಡಿದರೂ ನಾನು ಅದನ್ನು ನೋಡಿರಲಿಲ್ಲ. ಅಂಗಡಿಯಿಂದ ಮನೆಗೆ ಬರುವ ದಾರಿಯಲ್ಲೇ ಮೊಮ್ಮಗಳು ನೋಡಿದ್ದಳು.

ನಮ್ಮ ದೇಶದಲ್ಲಿ ಇದಕ್ಕೆಲ್ಲ ಆಧಾರ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ ಮತ್ತು 1945ರ ಅದರ ನಿಯಮಗಳು. ಅದಕ್ಕೆ ಹಿಂದೆ ಪೇಟೆಯಲ್ಲಿ ಕಲಬೆರಕೆ ಮದ್ದು ಬೇಕಾದಷ್ಟಿತ್ತು. 1930ರಲ್ಲಿ ರಾಮನಾಥ ಚೋಪ್ರಾ ಎಂಬ ವೈದ್ಯವಿಜ್ಞಾನಿಯ ನೇತೃತ್ವದಲ್ಲಿ ವಿಚಾರಣಾ ಸಮಿತಿ ಕೂತಿತು. ಬಿಗಿಯಾದ ಕಾನೂನು ಬೇಕು ಎಂದು ಅದು ಹೇಳಿದ ಮೇಲೆ ಈ ಕಾಯ್ದೆ ಬಂತು. ಮದ್ದು ಕೊಡುವವರ ಓದು, ನೋಂದಣಿಯ ವಿಚಾರಕ್ಕೆ 1948ರಲ್ಲಿ ಫಾರ್ಮಸಿ ಕಾಯ್ದೆ ಬಂತು.

ನಿಯಮಗಳಲ್ಲಿ ಮದ್ದುಗಳನ್ನು ಪಟ್ಟಿ ಮಾಡಿದ್ದಾರೆ. 'ಎಚ್' ಪಟ್ಟಿಯ ಮದ್ದುಗಳಿಗೆ ಚೀಟಿ ಬೇಕೇ ಬೇಕು. ಬಿಪಿ, ಸಕ್ಕರೆ ಕಾಯಿಲೆಯ ಹಲವು ಮಾತ್ರೆಗಳು ಇದರಲ್ಲಿವೆ. 'ಎಚ್1' ಪಟ್ಟಿಯನ್ನು 2013ರಲ್ಲಿ ಸೇರಿಸಿದರು. 2014ರ ಮಾರ್ಚ್‌ನಿಂದ ಜಾರಿಗೆ ಬಂತು. ಕೆಲವು ಪ್ರಬಲ ಆಂಟಿಬಯಾಟಿಕ್‌ಗಳು, ಕ್ಷಯದ ಮದ್ದುಗಳು, ನನ್ನದರಂಥ ಚಟ ಹಿಡಿಸುವ ಮಾತ್ರೆಗಳು ಸೇರಿ ಮೊದಲಿಗೆ 46 ಮದ್ದುಗಳಿದ್ದವು. ಇವನ್ನು ಮಾರಿದಾಗ ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಯಾವ ಮದ್ದು, ಎಷ್ಟು ಎಂದು ಬೇರೆಯದೇ ಪುಸ್ತಕದಲ್ಲಿ ಬರೆಯಬೇಕು. ಆ ಪುಸ್ತಕವನ್ನು ಮೂರು ವರ್ಷ ಜೋಪಾನ ಮಾಡಬೇಕು. 'ಎಕ್ಸ್' ಪಟ್ಟಿ ಇನ್ನೂ ಬಿಗಿ. ಅದಕ್ಕೆ ಚೀಟಿಯ ಎರಡು ಪ್ರತಿ ಬೇಕು; ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು, ಮದ್ದನ್ನು ಬೀಗ ಹಾಕಿಡಬೇಕು.

ಚೀಟಿಗೂ ನಿಯಮವಿದೆ. ಅದರಲ್ಲಿ ಡಾಕ್ಟರ ಸಹಿ, ತಾರೀಖು, ರೋಗಿಯ ಹೆಸರು ವಿಳಾಸ, ಮದ್ದು ಒಟ್ಟು ಎಷ್ಟು, ಒಂದು ಸಲಕ್ಕೆ ಎಷ್ಟು ಎಂದು ಇರಬೇಕು. ಒಂದು ಚೀಟಿಗೆ ಒಂದೇ ಸಲ ಮದ್ದು. ಹಾಗಾದರೆ ವರ್ಷವಿಡೀ ಬಿಪಿ ಮಾತ್ರೆ ನುಂಗುವವರು ತಿಂಗಳು ತಿಂಗಳೂ ಡಾಕ್ಟರ ಬಾಗಿಲು ಕಾಯಬೇಕೇ? ಬೇಕಿಲ್ಲ. ಎಷ್ಟು ಸಲ, ಎಷ್ಟು ದಿನಕ್ಕೊಮ್ಮೆ ಕೊಡಬಹುದು ಎಂದು ಡಾಕ್ಟರು ಚೀಟಿಯಲ್ಲೇ ಬರೆಯಬಹುದು. ಮುಂದಿನ ಸಲ ಹೋದಾಗ ಕೇಳಿ ಬರೆಸಿಕೊಳ್ಳಿ. ಮದ್ದು ಕೊಟ್ಟ ಅಂಗಡಿಯವರು ತಮ್ಮ ಹೆಸರು, ವಿಳಾಸ, ತಾರೀಖನ್ನು ಚೀಟಿಯ ಮೇಲೆ ನಮೂದಿಸಬೇಕು.

ಇನ್ನೊಂದು ಮಾತು. "ಡಾಕ್ಟರು ಬರೆದದ್ದು ಇಲ್ಲ, ಇದು ತಗೊಳ್ಳಿ, ಎರಡೂ ಒಂದೇ" ಎನ್ನುವುದನ್ನು ನೀವೂ ಕೇಳಿರುತ್ತೀರಿ. ಈ ಪಟ್ಟಿಗಳ ಮದ್ದಿನಲ್ಲಿ ಹಾಗೆ ಮಾಡುವಂತಿಲ್ಲ. ಚೀಟಿಯಲ್ಲಿ ಬರೆದದ್ದರ ಬದಲು ಬೇರೆ ತಯಾರಿಕೆ ಕೊಡಕೂಡದು, ಒಳಗಿನ ಮದ್ದು ಅದೇ ಆಗಿದ್ದರೂ. ಡಾಕ್ಟರನ್ನು ಕೇಳಿಯೇ ಬದಲಾಯಿಸಬೇಕು. ಚೀಟಿಯ ಮದ್ದನ್ನು ಕೊಡುವವರು ನೋಂದಾಯಿತ ಫಾರ್ಮಸಿಸ್ಟ್ ಆಗಿರಬೇಕು, ಇಲ್ಲವೇ ಅಂಥವರು ಎದುರಿಗೇ ನಿಂತು ಕೊಡಿಸಬೇಕು. ಪಿಯುಸಿ ಮುಗಿಸಿ, ಕನಿಷ್ಠ ಎರಡು ವರ್ಷದ ಡಿ.ಫಾರ್ಮಾ ಆದರೂ ಓದಿ, ಆಸ್ಪತ್ರೆಯಲ್ಲೋ ಔಷಧದ ಅಂಗಡಿಯಲ್ಲೋ ತರಬೇತಿ ಪಡೆದವರಿಗಷ್ಟೇ ಆ ಹೆಸರು. ನಾನು ಇಷ್ಟು ವರ್ಷ ಅವರನ್ನು ಸಾಮಾನು ಕಟ್ಟಿಕೊಡುವವರು ಎಂದೇ ತಿಳಿದಿದ್ದೆ. ಡಾಕ್ಟರು ಬರೆದದ್ದಕ್ಕೂ ನಾವು ನುಂಗುವುದಕ್ಕೂ ನಡುವೆ ನಿಂತು ಇನ್ನೊಮ್ಮೆ ನೋಡುವವರು ಅವರು.

ಆಂಟಿಬಯಾಟಿಕ್ ಮೇಲೆ ಇಷ್ಟೇಕೆ ಕಾವಲು ಎಂದು ಮೊಮ್ಮಗಳು ಕೇಳಿದಳು. ಫಾರ್ಮಸಿಸ್ಟ್ ಹೇಳಿದ್ದು ಹೀಗೆ. ಆ ಮದ್ದು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ನೆಗಡಿ ಬರುವುದು ವೈರಸ್‌ನಿಂದ. ಅಲ್ಲಿ ಅದು ಏನೂ ಮಾಡದು. ಸುಮ್ಮಸುಮ್ಮನೆ ನುಂಗಿದಾಗಲೆಲ್ಲ ಗಟ್ಟಿ ಬ್ಯಾಕ್ಟೀರಿಯಾಗಳು ಬದುಕಿ ಉಳಿದು, ತಮ್ಮಂಥವನ್ನೇ ಹೆಚ್ಚಿಸುತ್ತವೆ. ನಾಳೆ ನಿಜವಾದ ನ್ಯುಮೋನಿಯಾ ಬಂದಾಗ ಅದೇ ಮದ್ದು ಕೆಲಸಕ್ಕೆ ಬಾರದೆ ಹೋಗಬಹುದು. ಒಬ್ಬರ ತಪ್ಪಿಗೆ ಊರೇ ಬೆಲೆ ತೆರಬೇಕಾಗುತ್ತದೆ.

ಹಾಗೆಂದು ಎಲ್ಲಕ್ಕೂ ಚೀಟಿ ಬೇಡ. ಜ್ವರಕ್ಕೆ ಸಾಮಾನ್ಯ ಪ್ಯಾರಾಸಿಟಮಾಲ್, ಭೇದಿಯಾದಾಗ ಓಆರ್‌ಎಸ್ ಪುಡಿ, ಇಂಥವನ್ನು ಹಾಗೆಯೇ ಕೊಳ್ಳಬಹುದು.

ಸೋಮವಾರ ಬೆಳಿಗ್ಗೆ ಡಾಕ್ಟರ ಬಳಿ ಹೋದೆವು. ಇಷ್ಟು ದಿನ ನುಂಗಿದ್ದನ್ನು ಒಮ್ಮೆಲೇ ನಿಲ್ಲಿಸಬಾರದು, ಅದೂ ಅಪಾಯ ಎಂದು ಅವರು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುವಂತೆ ಹೊಸ ಚೀಟಿ ಬರೆದರು. ನನ್ನಂತೆ ನುಂಗುತ್ತಿರುವವರು ಇದನ್ನು ಓದುತ್ತಿದ್ದರೆ, ದಯವಿಟ್ಟು ನೀವೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಆ ಚೀಟಿ ಹಿಡಿದು ಅದೇ ಅಂಗಡಿಗೆ ಹೋದೆವು. ಫಾರ್ಮಸಿಸ್ಟ್ ಪುಸ್ತಕ ತೆರೆದು ನನ್ನ ಹೆಸರು ಬರೆದಳು. ಮೊಮ್ಮಗಳು ಇಣುಕಿ ನೋಡಿ, "ಸ್ಪೆಲಿಂಗ್ ಸರಿ ಇದೆ ತಾತ" ಎಂದಳು.

ಈ ವಾರದ ಕೆಲಸ: ಮಕ್ಕಳೇ, ತಾತ-ಅಜ್ಜಿಯರ ಜೊತೆ ಕೂತು ಮನೆಯ ಔಷಧದ ಡಬ್ಬಿ ತೆಗೆಯಿರಿ. ಮಾತ್ರೆಯನ್ನು ನೀವು ಬಿಚ್ಚಬೇಡಿ. ಓದಿ ಹೇಳುವುದಷ್ಟೇ ನಿಮ್ಮ ಪಾಲಿನ ಕೆಲಸ. ಕೆಂಪು ಗೆರೆ ಇರುವುದನ್ನು ಬೇರೆ ಇಡಿ. ಪ್ರತಿಯೊಂದಕ್ಕೂ ಚೀಟಿ ಇದೆಯೇ, ಅದರ ತಾರೀಖು ಯಾವುದು, ಎಷ್ಟು ದಿನಕ್ಕೆ ಬರೆದದ್ದು ಎಂದು ನೋಡಿ. ಅವಧಿ ಮುಗಿದದ್ದನ್ನು ಹಿರಿಯರಿಗೆ ತೋರಿಸಿ. ಚೀಟಿಯಲ್ಲಿ ಹತ್ತು ದಿನ ಎಂದಿದ್ದು, ಡಬ್ಬಿಯಲ್ಲಿ ಹೊಸ ಪಟ್ಟಿ ಕಂಡರೆ ಸುಮ್ಮನಿರಬೇಡಿ, ಕೇಳಿ. ತಾತ ರೇಗಬಹುದು. ರೇಗಲಿ. ನಾನೂ ರೇಗಿದ್ದೆ.