ಸರ್ಕಾರಿ ಸೇವೆಗೆ ಫೋನಿನ ವಯಸ್ಸು ಅಡ್ಡಬರಬಾರದು

ಮಾನ್ಯ ಸಂಪಾದಕರೆ,

ಹೊಸ ಯೋಜನೆ ಘೋಷಣೆಯಾದರೆ ಅದರ ಬೆನ್ನಿಗೇ ಒಂದು ಆ್ಯಪ್ ಬಿಡುಗಡೆಯಾಗುವುದು ಈಗ ವಾಡಿಕೆಯಾಗಿದೆ. ಆ ಆ್ಯಪ್ ಯಾವ ಫೋನುಗಳಲ್ಲಿ ಓಡುತ್ತದೆ, ಎಷ್ಟು ವರ್ಷ ಓಡುತ್ತದೆ, ಓಡದಿದ್ದರೆ ಫಲಾನುಭವಿ ಎಲ್ಲಿಗೆ ಹೋಗಬೇಕು ಎಂಬುದನ್ನು ಬಿಡುಗಡೆ ಮಾಡುವವರು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಆ್ಯಪ್ ಬರೆದೇ ಅನ್ನ ತಿನ್ನುವವನಾದ್ದರಿಂದ ಈ ಪ್ರಶ್ನೆಯನ್ನು ನಿಮ್ಮ ಪತ್ರಿಕೆಯ ಮೂಲಕ ಕೇಳಬೇಕೆನಿಸಿತು. ಜನರ ತೆರಿಗೆ ಹಣದಲ್ಲಿ ಕಟ್ಟುವ ಸೇವೆ ಮೊದಲು ಬ್ರೌಸರಿನಲ್ಲಿ ಸಿಗಬೇಕು. ಯಾವ ಕಂಪನಿಯ ಫೋನಾದರೂ, ಎಷ್ಟು ಹಳೆಯ ಕಂಪ್ಯೂಟರಾದರೂ ವಿಳಾಸ ಒತ್ತಿದರೆ ತೆರೆದುಕೊಳ್ಳಬೇಕು. ಆ್ಯಪ್ ಬೇಕಿದ್ದರೆ ಆಮೇಲೆ ಬರಲಿ.

ಈಗ ಆಗುತ್ತಿರುವುದು ಇದರ ತಿರುವುಮುರುವು. ನರೇಗಾ ಕೂಲಿಕಾರರ ಹಾಜರಾತಿಗೆಂದು ಎನ್‌ಎಂಎಂಎಸ್ ಎಂಬ ಆ್ಯಪ್ 2021ರಲ್ಲಿ ಬಂತು. 2023ರ ಜನವರಿ 1ರಿಂದ, ವೈಯಕ್ತಿಕ ಕಾಮಗಾರಿಗಳನ್ನು ಬಿಟ್ಟು, ಉಳಿದ ಕಾಮಗಾರಿಗಳಿಗೆಲ್ಲ ಅದು ಕಡ್ಡಾಯವಾಯಿತು. ದಿನಕ್ಕೆ ಎರಡು ಸಲ, ಸ್ಥಳದ ಗುರುತಿನೊಂದಿಗೆ, ಕೂಲಿಕಾರರ ಫೋಟೊ ಏರಿಸಬೇಕು. ಏರಿಸುವ ಹೊಣೆ ನಮ್ಮಲ್ಲಿ ಕಾಯಕ ಬಂಧುಗಳೆಂಬ ಮೇಟಿಗಳದು. ಅವರ ಫೋನಿನಲ್ಲಿ ಆ್ಯಪ್ ಕೈಕೊಟ್ಟರೆ, ಬಿಸಿಲಲ್ಲಿ ಮಣ್ಣು ಹೊತ್ತವರ ಅಂದಿನ ಹಾಜರಾತಿಗೇ ಕುತ್ತು. ಕೆಲಸ ಮಾಡಿದ್ದಕ್ಕೆ ಸಾಕ್ಷಿ ಕೆರೆಯ ಹೂಳಿನಲ್ಲಿದೆ, ಆದರೆ ಲೆಕ್ಕಕ್ಕೆ ಬರುವುದು ಫೋನು ಒಪ್ಪಿದರೆ ಮಾತ್ರ.

ಅಂಗನವಾಡಿಗಳಲ್ಲೂ ಇದೇ ಕಥೆ. 2021ರ ಮಾರ್ಚ್‌ನಲ್ಲಿ ಪೋಷಣ್ ಟ್ರ್ಯಾಕರ್ ಬಂದಾಗ ಕಾರ್ಯಕರ್ತೆಯರ ಕೈಯಲ್ಲಿದ್ದದ್ದು ಅದಕ್ಕೂ ಮೊದಲಿನ ಆ್ಯಪ್‌ಗೆಂದು ಇಲಾಖೆ ಕೊಟ್ಟಿದ್ದ ಫೋನುಗಳು. ಮಹಾರಾಷ್ಟ್ರದಲ್ಲಿ ಆ ವರ್ಷವೇ ಕಾರ್ಯಕರ್ತೆಯರು ಗುಂಪುಗುಂಪಾಗಿ ಹೋಗಿ ಫೋನುಗಳನ್ನು ಸರ್ಕಾರಕ್ಕೆ ವಾಪಸು ಕೊಟ್ಟರು: ಮೆಮೊರಿ ಸಾಲದು, ಕಾಯುತ್ತದೆ, ಹ್ಯಾಂಗ್ ಆಗುತ್ತದೆ ಎಂಬುದು ಅವರ ದೂರು. ಅದಾದ ಮೇಲೆ ಕೆಲಸ ಹಗುರಾಗಲಿಲ್ಲ. 2025ರ ಜುಲೈ 1ರಿಂದ ಮನೆಗೆ ಕೊಡುವ ಪೌಷ್ಟಿಕ ಆಹಾರಕ್ಕೆ ಫಲಾನುಭವಿಯ ಮುಖ ಗುರುತಿಸುವುದೂ ಅದೇ ಆ್ಯಪ್‌ನಲ್ಲಿ ಕಡ್ಡಾಯವಾಯಿತು. ಒಂದೊಂದು ಹೊಸ ನಿಯಮಕ್ಕೂ ಆ್ಯಪ್ ಭಾರವಾಗುತ್ತದೆ, ಕೈಯಲ್ಲಿರುವ ಫೋನು ಅದರ ಜೊತೆ ಬೆಳೆಯುವುದಿಲ್ಲ. ಗೌರವಧನದಲ್ಲಿ ದುಡಿಯುವ ಆ ಹೆಣ್ಣುಮಕ್ಕಳು ಕೈಯಿಂದ ಹಣ ಹಾಕಿ ಹೊಸ ಫೋನು ಕೊಳ್ಳಲಿ ಎಂದು ಯಾವ ಆದೇಶದಲ್ಲೂ ಬರೆಯಬೇಕಾಗಿಲ್ಲ. ಆ್ಯಪೇ ಆ ಆದೇಶವನ್ನು ಕೊಟ್ಟುಬಿಡುತ್ತದೆ.

ಹೀಗೇಕೆ ಆಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇದು ಯಾರದೋ ದುರುದ್ದೇಶವಲ್ಲ, ಈ ಕಸುಬಿನ ಸ್ವಭಾವವೇ ಹಾಗೆ. ಆಂಡ್ರಾಯ್ಡ್‌ಗೆ ವರ್ಷಕ್ಕೊಂದು ಹೊಸ ಆವೃತ್ತಿ ಬರುತ್ತದೆ. ಕಡಿಮೆ ಬೆಲೆಯ ಫೋನು ತಯಾರಿಸುವ ಕಂಪನಿಗಳು ಒಂದೆರಡು ಸಲ ಅಪ್‌ಡೇಟ್ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಆ್ಯಪ್ ಬರೆಯುವವರು ‘ಇಂಥ ಆವೃತ್ತಿಗಿಂತ ಕೆಳಗಿನ ಫೋನಿನಲ್ಲಿ ಇದು ಓಡುವುದಿಲ್ಲ’ ಎಂದು ಒಂದು ಗೆರೆ ಎಳೆಯಬೇಕಾಗುತ್ತದೆ. ಗೆರೆಯನ್ನು ಕೆಳಗಿಟ್ಟಷ್ಟೂ ಹಳೆಯ ಫೋನುಗಳನ್ನು ತಂದು ಪರೀಕ್ಷಿಸುವ ಕೆಲಸ ಹೆಚ್ಚು, ಖರ್ಚೂ ಹೆಚ್ಚು. ಗಡುವು ಹತ್ತಿರ ಬಂದಾಗ ಗೆರೆ ತಾನಾಗಿ ಮೇಲಕ್ಕೆ ಸರಿಯುತ್ತದೆ. ಅದರ ಕೆಳಗೆ ಉಳಿದವರಿಗೆ ಪ್ಲೇಸ್ಟೋರ್‌ನಲ್ಲಿ ‘ನಿಮ್ಮ ಸಾಧನಕ್ಕೆ ಹೊಂದುವುದಿಲ್ಲ’ ಎಂಬ ಒಂದು ಸಾಲು ಕಾಣುತ್ತದೆ, ಇಲ್ಲವೇ ಆ್ಯಪ್ ಕಾಣಿಸುವುದೇ ಇಲ್ಲ. ಏಕೆ ಸಿಗಲಿಲ್ಲ ಎಂದು ಕೇಳಲು ಅಲ್ಲಿ ಕೌಂಟರೂ ಇಲ್ಲ, ಗುಮಾಸ್ತರೂ ಇಲ್ಲ.

ಹೊಸ ಫೋನಿನವರಾದರೂ ನೆಮ್ಮದಿಯಾಗಿರಬಹುದೇ ಎಂದರೆ ಅದೂ ಇಲ್ಲ. ಪ್ಲೇಸ್ಟೋರ್‌ನಲ್ಲಿರುವ ಆ್ಯಪ್‌ಗಳನ್ನು ಇತ್ತೀಚಿನ ಆಂಡ್ರಾಯ್ಡ್‌ಗೆ ಹೊಂದುವಂತೆ ಆಗಾಗ ತಿದ್ದಲೇಬೇಕೆಂದು ಗೂಗಲ್ ನಿಯಮ ಮಾಡಿದೆ, ಆ ಗೆರೆಯನ್ನೂ ವರ್ಷವರ್ಷ ಮೇಲೇರಿಸುತ್ತದೆ. ತಿದ್ದದೆ ಬಿಟ್ಟ ಆ್ಯಪ್‌ಗಳು ಹೊಸ ಫೋನು ಕೊಂಡವರಿಗೆ ಪ್ಲೇಸ್ಟೋರ್‌ನಲ್ಲಿ ಕಾಣದಂತಾಗುತ್ತವೆ. ಆಂಡ್ರಾಯ್ಡ್ 14 ಅಂತೂ ತೀರ ಹಳೆಯ ಕಾಲದ ಆ್ಯಪ್‌ಗಳನ್ನು ಬೇರೆ ದಾರಿಯಿಂದ ಹಾಕಿಕೊಳ್ಳಲೂ ಬಿಡುವುದಿಲ್ಲ. ಆಪಲ್ 2017ರಲ್ಲಿ ಐಒಎಸ್ 11 ತಂದಾಗ 32 ಬಿಟ್‌ನ ಆ್ಯಪ್‌ಗಳೆಲ್ಲ ಐಫೋನಿನಲ್ಲಿ ಒಂದೇ ಏಟಿಗೆ ನಿಂತುಹೋದವು. ಆದ್ದರಿಂದ ಆ್ಯಪನ್ನು ಒಮ್ಮೆ ಕಟ್ಟಿ ಉದ್ಘಾಟಿಸಿದರೆ ಮುಗಿಯಲಿಲ್ಲ, ಅದು ಬದುಕಿರುವಷ್ಟು ದಿನ ಅದರ ಬಳಿ ಒಬ್ಬರು ಕೂತಿರಬೇಕು. ಟೆಂಡರಿನಲ್ಲಿ ಕಟ್ಟುವುದಕ್ಕೆ ಹಣ ತೋರಿಸಿ, ಕಾಯುವುದಕ್ಕೆ ತೋರಿಸದಿದ್ದರೆ ಆ ಆ್ಯಪ್ ಕೆಲವೇ ವರ್ಷಗಳಲ್ಲಿ ಎರಡೂ ಕಡೆಯಿಂದ ಸಾಯುತ್ತದೆ: ಹಳೆಯ ಫೋನು ಅದನ್ನು ಹೊರಲಾರದು, ಹೊಸ ಫೋನು ಅದನ್ನು ಒಳಗೆ ಬಿಡದು.

ಒಂದೇ ಸಲ ಬರೆದು ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಹೊಂದಿಸುವ ಫ್ಲಟರ್, ರಿಯಾಕ್ಟ್ ನೇಟಿವ್‌ನಂಥ ಸಲಕರಣೆಗಳಿವೆ. ನಾನೂ ಬಳಸುತ್ತೇನೆ, ಒಳ್ಳೆಯ ಸಲಕರಣೆಗಳೇ. ಆದರೆ ಅವು ಬರೆಯುವವರ ಶ್ರಮ ಉಳಿಸುತ್ತವೆಯೇ ಹೊರತು ಫೋನಿನ ವಯಸ್ಸಿನ ಸಮಸ್ಯೆಯನ್ನು ಬಿಡಿಸುವುದಿಲ್ಲ.

ಬ್ರೌಸರಿನ ದಾರಿಯಲ್ಲಿ ಕೋಟಿಗಟ್ಟಲೆ ಜನರನ್ನು ನಿಭಾಯಿಸಲು ಆಗುತ್ತದೆಯೇ ಎಂದು ಅನುಮಾನಿಸುವವರು 2021ನ್ನು ನೆನಪಿಸಿಕೊಳ್ಳಲಿ. ಕೋವಿಡ್ ಲಸಿಕೆಗೆ ದೇಶವೆಲ್ಲ ಹೆಸರು ಬರೆಸಿದ್ದು ಕೋವಿನ್ ಎಂಬ ಜಾಲತಾಣದಲ್ಲಿ. ಅದಕ್ಕೂ ಕುಂದುಗಳಿದ್ದವು. ಮೊದಲು ಇಂಗ್ಲಿಷ್ ಒಂದೇ ಇತ್ತು, ಕನ್ನಡ ಸೇರಿದ್ದು ಆ ವರ್ಷದ ಜೂನ್‌ನಲ್ಲಿ. 18ರಿಂದ 44ರ ವಯಸ್ಸಿನವರು ಆನ್‌ಲೈನ್‌ನಲ್ಲೇ ಹೆಸರು ಬರೆಸಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟೇ ಪ್ರಶ್ನಿಸಿತು. ಆದರೂ ಅಕ್ಕನ ಫೋನಿನಿಂದ ಅಪ್ಪನ ಹೆಸರು, ಸೈಬರ್ ಸೆಂಟರಿನ ಕಂಪ್ಯೂಟರಿನಿಂದ ಅಜ್ಜಿಯ ಹೆಸರು ಬರೆಸಬಹುದಿತ್ತಲ್ಲ, ಅದು ಸಾಧ್ಯವಾದದ್ದು ಅಲ್ಲಿ ಇನ್‌ಸ್ಟಾಲ್ ಮಾಡುವ ಗೊಡವೆ ಇರಲಿಲ್ಲವಾದ್ದರಿಂದ.

ಕ್ಯಾಮೆರಾ ಬೇಕು, ಜಿಪಿಎಸ್ ಬೇಕು, ನೆಟ್‌ವರ್ಕ್ ಇಲ್ಲದ ಹೊಲದಲ್ಲೂ ನಡೆಯಬೇಕು, ಅದಕ್ಕೇ ಆ್ಯಪ್ ಎಂದು ಅಧಿಕಾರಿಗಳು ಹೇಳುತ್ತಾರೆ. ಇದು ಹತ್ತು ವರ್ಷದ ಹಿಂದಿನ ಉತ್ತರ. ಬ್ರೌಸರುಗಳು ಈಗ ಬಳಕೆದಾರರ ಅನುಮತಿ ಪಡೆದು ಫೋಟೊ ತೆಗೆಯುತ್ತವೆ, ಸ್ಥಳ ಗುರುತಿಸುತ್ತವೆ. ಸಿಗ್ನಲ್ ಇಲ್ಲದಾಗ ತುಂಬಿದ ಫಾರಂ ಅನ್ನು ಫೋನಿನಲ್ಲೇ ಇಟ್ಟುಕೊಂಡು ಆಮೇಲೆ ಕಳಿಸುವಂತೆಯೂ ಜಾಲತಾಣವನ್ನು ಬರೆಯಬಹುದು. ಐಫೋನಿಗೂ 2018ರಿಂದ ಈ ಸೌಕರ್ಯ ಬಂದಿದೆ. ಹೊಲದಲ್ಲಿ ನಿಂತು ಮಾಡುವ ಬೆಳೆ ಸಮೀಕ್ಷೆಯಂಥ ಕೆಲಸಕ್ಕೆ ಬೇಕಾದದ್ದು ಇಷ್ಟೇ. ಮುಖ ಗುರುತಿಸುವಂಥ ಕೆಲವು ಕೆಲಸಗಳಿಗೆ ಆ್ಯಪೇ ವಾಸಿ ಎಂಬುದನ್ನು ಒಪ್ಪುತ್ತೇನೆ. ಹಳೆಯ ಫೋನುಗಳಿಗೆ ಬ್ರೌಸರಿನ ಅಪ್‌ಡೇಟ್ ಕೂಡ ಒಂದು ದಿನ ನಿಲ್ಲುತ್ತದೆ, ಅದೂ ನಿಜ. ಆದರೆ ಸರಳವಾಗಿ ಬರೆದ ಪುಟ ಹಳೆಯ ಬ್ರೌಸರಿನಲ್ಲೂ ಹೇಗೋ ತೆರೆದು ಅರ್ಜಿಯನ್ನಾದರೂ ತೋರಿಸುತ್ತದೆ. ಹೊಂದದ ಆ್ಯಪ್ ಏನನ್ನೂ ತೋರಿಸುವುದಿಲ್ಲ.

ಕಚೇರಿಯ ಕಂಪ್ಯೂಟರುಗಳದು ಇದೇ ರೋಗದ ಇನ್ನೊಂದು ರೂಪ. ನಾಡಿನ ಕಡತಗಳು ವರ್ಷಗಟ್ಟಲೆ ವಿಂಡೋಸ್‌ನಲ್ಲಿ, ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ತಯಾರಾದವು. ಆ ಫಾಂಟು ಇಲ್ಲದ ಕಡೆ ಅವುಗಳಲ್ಲಿ ಕಾಣುವುದು ಕನ್ನಡವಲ್ಲ, ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿ. ಫೋನಿನಲ್ಲಿ ತೆರೆದರೆ ಓದಲಾಗದು, ಹುಡುಕಿದರೆ ಸಿಗದು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ 1991ರಲ್ಲೇ ಸಿಕ್ಕಿತ್ತು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯೂನಿಕೋಡ್ ಫಾಂಟೂ ಬಂದಿತ್ತು. ಆದರೂ ಸರ್ಕಾರಿ ಕಚೇರಿಗಳು ಆ ಕಡೆ ಹೊರಳುವಷ್ಟರಲ್ಲಿ ಬಹಳ ವರ್ಷ ಕಳೆದವು. ಒಂದು ವ್ಯವಸ್ಥೆಗೆ ಕಟ್ಟಿಬಿದ್ದರೆ ಮುಂದೆ ಯಾರು ತೆರಬೇಕಾಗುತ್ತದೆ ಎಂಬುದನ್ನು ಕನ್ನಡಿಗರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ಹಳೆಯ ಆದೇಶವೊಂದನ್ನು ತೆರೆದು ಓದಲು ಹೆಣಗಿದ ಪ್ರತಿಯೊಬ್ಬರಿಗೂ ಅದು ಗೊತ್ತು.

ಈಗ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಹೊಸ ತಲೆಮಾರಿನ ಪ್ರೊಸೆಸರೂ ಬೇಕು. ಚೆನ್ನಾಗಿಯೇ ಓಡುತ್ತಿರುವ ಎಷ್ಟೋ ಕಂಪ್ಯೂಟರುಗಳು ಈ ಷರತ್ತಿಗೆ ನಿಲ್ಲುವುದಿಲ್ಲ. ಸೇವೆಗಳೆಲ್ಲ ಶುದ್ಧ ಜಾಲತಾಣಗಳಾಗಿದ್ದರೆ ಅವೇ ಯಂತ್ರಗಳಿಗೆ ಲಿನಕ್ಸ್ ಹಾಕಿ ಇನ್ನೂ ಕೆಲವು ವರ್ಷ ದುಡಿಸಬಹುದು. ನುಡಿ ಬಳಸುವವರಿಗೆ ಪರಿಚಿತವಾದ ಕೀಲಿಮಣೆ ಅಲ್ಲೂ ಇದೆ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಕಲಿಸುತ್ತಿವೆ. ನಮ್ಮಲ್ಲಿ ಡಿಜಿಟಲ್ ಸಹಿಯ ಸಾಧನ, ಇಲಾಖೆಯ ಹಳೆಯ ತಂತ್ರಾಂಶ, ಯಾವುದೋ ಒಂದು ಪ್ರಿಂಟರು ಎಂದು ಏನಾದರೊಂದು ವಿಂಡೋಸನ್ನೇ ಬೇಡುತ್ತದೆ, ಕಚೇರಿ ಅಲ್ಲೇ ನಿಲ್ಲುತ್ತದೆ.

ನಿಯಮಗಳಿಗೆ ಬರವಿಲ್ಲ. ಇ-ಆಡಳಿತಕ್ಕೆ ಮುಕ್ತ ಮಾನಕಗಳನ್ನೇ ಬಳಸಬೇಕೆಂಬ ಕೇಂದ್ರದ ನೀತಿ 2010ರದು. ಸರ್ಕಾರಿ ಜಾಲತಾಣ, ಆ್ಯಪ್‌ಗಳು ಹೇಗಿರಬೇಕೆಂಬ ಮಾರ್ಗಸೂಚಿ 2023ರಲ್ಲಿ ಪರಿಷ್ಕೃತವಾಗಿದೆ. ನಮ್ಮ ರಾಜ್ಯವಂತೂ 2014ರಲ್ಲಿ ಮೊಬೈಲ್ ಒನ್ ಎಂಬ ಸೇವಾ ವೇದಿಕೆ ತಂದಾಗ ಆ್ಯಪ್‌ನ ಜೊತೆಗೆ 161ಕ್ಕೆ ಕರೆ ಮಾಡಿಯೂ ಸೇವೆ ಪಡೆಯುವ ದಾರಿ ಇಟ್ಟಿತ್ತು. ಸ್ಮಾರ್ಟ್‌ಫೋನ್ ಇಲ್ಲದವರಿಗೂ ಯುಪಿಐ ಸಿಗಲೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಯುಪಿಐ 123ಪೇ ತಂದಿತು. ಕೀಪ್ಯಾಡ್ ಫೋನಿನವರನ್ನು ಲೆಕ್ಕಕ್ಕೆ ಹಿಡಿಯುವುದು ನಮ್ಮವರಿಗೆ ಬಾರದ ವಿದ್ಯೆಯಲ್ಲ. ಟೆಂಡರ್ ಬರೆಯುವ ಮೇಜಿನ ಮೇಲೆ ಅವರ ನೆನಪಾಗಬೇಕು, ಅಷ್ಟೆ.

ಆದ್ದರಿಂದ ರಾಜ್ಯದ ಇ-ಆಡಳಿತ ಇಲಾಖೆಯನ್ನು ಕೇಳಿಕೊಳ್ಳುತ್ತೇನೆ: ಬ್ರೌಸರಿನಲ್ಲಿ ಪೂರ್ತಿ ನಡೆಯದ ಯಾವ ನಾಗರಿಕ ಸೇವೆಗೂ ಇನ್ನು ಮುಂದೆ ಒಪ್ಪಿಗೆ ಕೊಡಬೇಡಿ. ಆ್ಯಪ್ ಅನಿವಾರ್ಯವಾದಲ್ಲಿ ಎಷ್ಟು ಹಳೆಯ ಫೋನಿನಲ್ಲಿ ಅದು ನಡೆಯಬೇಕೆಂಬುದನ್ನು ಗುತ್ತಿಗೆದಾರರು ತೀರ್ಮಾನಿಸುವುದು ಬೇಡ, ಟೆಂಡರಿನಲ್ಲಿ ನೀವೇ ಬರೆಯಿರಿ. ಐದು ವರ್ಷದ ನಿರ್ವಹಣೆಯ ಹಣವನ್ನೂ ಅಲ್ಲೇ ತೆಗೆದಿಡಿ. ಕ್ಷೇತ್ರದಲ್ಲಿ ದುಡಿಯುವವರಿಗೆ ಆ್ಯಪ್ ಕಡ್ಡಾಯ ಮಾಡುವ ಇಲಾಖೆ ಅದಕ್ಕೆ ತಕ್ಕ ಫೋನನ್ನೂ ಕೊಡಲಿ. ಆ್ಯಪ್ ಕೆಟ್ಟ ದಿನ ಕಾಗದದ ಹಾಜರಿಯನ್ನು ಮಾನ್ಯ ಮಾಡಲಿ, ಆ ದಿನದ ಕೂಲಿ ತಪ್ಪದಿರಲಿ.

ನಿಮ್ಮ ವರದಿಗಾರರಲ್ಲೂ ಒಂದು ಕೋರಿಕೆ. ಮುಂದಿನ ಆ್ಯಪ್ ಬಿಡುಗಡೆಯ ಸಮಾರಂಭದಲ್ಲಿ ಮಂತ್ರಿಗಳನ್ನೋ ಕಾರ್ಯದರ್ಶಿಗಳನ್ನೋ ದಯವಿಟ್ಟು ಇಷ್ಟು ಕೇಳಿ, ಉತ್ತರವನ್ನು ಸುದ್ದಿಯ ಜೊತೆಗೇ ಅಚ್ಚು ಮಾಡಿ: ಇದು ಆಂಡ್ರಾಯ್ಡ್‌ನ ಯಾವ ಆವೃತ್ತಿಯಿಂದ ಓಡುತ್ತದೆ? ಐಫೋನಿನಲ್ಲಿ, ಸೈಬರ್ ಸೆಂಟರಿನಲ್ಲಿ, ಗ್ರಾಮ ಒನ್ ಸೇವಾ ಕೇಂದ್ರದಲ್ಲಿ ಇದೇ ಕೆಲಸ ಆಗುತ್ತದೆಯೇ? ಇದರ ನಿರ್ವಹಣೆಗೆ ಯಾವ ವರ್ಷದವರೆಗೆ ಹಣ ಇಟ್ಟಿದ್ದೀರಿ?

ಇಂತಿ ತಮ್ಮ ಓದುಗ,
ಒಬ್ಬ ತಂತ್ರಾಂಶ ಕೆಲಸಗಾರ, ತಿಪಟೂರು