ಮಂಗನ ಮೇಲೆ ಹೊರಿಸಿದ ಹೆಸರು

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಣ ಹಳ್ಳಿಗರು ಜ್ವರದಿಂದ ನರಳಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅದುವರೆಗೆ ಲೋಕವರಿಯದ ವೈರಾಣುವೊಂದನ್ನು ಗುರುತಿಸಿದರು. ಶಾಸ್ತ್ರವು ರೋಗಕ್ಕೆ ಕಾಡಿನ ಹೆಸರಿಟ್ಟಿತು. ಜನ ‘ಮಂಗನ ಕಾಯಿಲೆ’ ಎಂದರು.

ಭಾಷೆಯ ಪಾಠ ಹೇಳುವ ನನ್ನನ್ನು ಈ ಹೆಸರು ಚುಚ್ಚುತ್ತದೆ. ಮಂಗವೂ ನಮ್ಮಂತೆಯೇ ಈ ರೋಗಕ್ಕೆ ಬಲಿಯಾದ ಜೀವ. ವೈರಾಣುವನ್ನು ಹೊತ್ತು ತಿರುಗುವುದು ಉಣ್ಣೆ. ಸತ್ತ ಮಂಗದ ಮೈಬಿಟ್ಟ ಉಣ್ಣೆಗಳು ತರಗೆಲೆಗಳ ನಡುವೆ ಹರಡುತ್ತವೆ. ಕಾಡು ಕಡಿದು ದನಗಳನ್ನು ಮೇಯಲು ಅಟ್ಟಿದಂತೆಲ್ಲ ಅವುಗಳ ಸಂತತಿಗೆ ಅನುಕೂಲವೇ ಆಯಿತು. ಮಂಗದ ಹೆಣವೆಂದರೆ ಕಾಡು ನಮಗೆ ಕಳುಹುವ ಎಚ್ಚರಿಕೆಯ ಓಲೆ.

ರೋಗವು ಮನುಷ್ಯನಿಂದ ಮನುಷ್ಯನಿಗೆ ಅಂಟದು. ಆದುದರಿಂದ ನಗರಕ್ಕೆ ಇದರ ಭಯವಿಲ್ಲ; ಭಯವಿಲ್ಲದುದರಿಂದ ನೆನಪೂ ಇಲ್ಲ. ಸೌದೆಗೆ, ಸೊಪ್ಪಿಗೆ, ದರಗಿಗೆ ಕಾಡು ಹೊಕ್ಕವರು ಜ್ವರ ಹೊತ್ತು ಮರಳುತ್ತಾರೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದಾಗ ನಾಡು ಒಮ್ಮೆ ಬೆಚ್ಚಿ, ಮತ್ತೆ ಮರೆಯಿತು.

2020ರಲ್ಲಿ ಕೋವಿಡ್ ಲೋಕದ ನಗರಗಳ ಬಾಗಿಲು ಬಡಿದಾಗ ವರ್ಷದೊಳಗೆ ಲಸಿಕೆ ಸಿದ್ಧವಾಯಿತು. ಅರುವತ್ತು ವರ್ಷ ದಾಟಿದ ಈ ಜ್ವರಕ್ಕೆ ಇದ್ದ ಹಳೆಯ ಲಸಿಕೆಯನ್ನೂ, ಶಕ್ತಿ ಸಾಲದೆಂದು, 2022ರಲ್ಲಿ ನಿಲ್ಲಿಸಬೇಕಾಯಿತು. ಕಾಯಿಲೆಗೆ ಮಂಗನನ್ನು ದೂರಿದೆವು. ಈ ಮರೆವಿಗೆ ಯಾರನ್ನು ದೂರೋಣ?